ಒನಿಜುಕಾನ ಸುತ್ತಿಗೆ ಮತ್ತು ನಿನ್ನ ಒಂಬತ್ತನೇ ಕ್ಲಾಸು

ಚಿ. ಸಿಂಚನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂದು ತಿಂಗಳ ಮೇಲಾಯಿತು. ಉತ್ತರ ತಡವಾಯಿತು ಅಂತ ಬೈಕೋಬೇಡ. ನೀನು ಕೇಳಿದ್ದು ಒಂದೇ ಪ್ರಶ್ನೆ, ಅದಕ್ಕೆ ನಾನು ಇಪ್ಪತ್ತೈದು ಪುಸ್ತಕ ಓದಬೇಕಾಯಿತು. ಮಂಡಿ ಆಪರೇಷನ್ ಆಗಿ ಮಂಚ ಹಿಡಿದಿದ್ದೆ. ನಿನ್ನ ತಮ್ಮ ತನ್ನ ‘ಗ್ರೇಟ್ ಟೀಚರ್ ಒನಿಜುಕಾ’ ಮಾಂಗಾದ, ಅದೇ ಒನಿಜುಕಾ ಅನ್ನುವ ಪುಂಡ ಮೇಷ್ಟ್ರಾಗುವ ಆ ಜಪಾನಿ ಚಿತ್ರಕತೆಯ, ಕಟ್ಟನ್ನೇ ತಂದು ತಲೆದಿಂಬಿನ ಪಕ್ಕ ಜೋಡಿಸಿಟ್ಟು ಹೋದ. ಮೊದಲನೇದನ್ನು ನಮ್ಮ ಪುಸ್ತಕ ತೆಗೆಯೋ ಹಾಗೆ ತೆಗೆದೆ. ಕತೆ ಮುಗಿದೇ ಹೋಗಿತ್ತು! ಬಲದಿಂದ ಎಡಕ್ಕೆ ಓದಬೇಕು ಅಂತ ತಿಳಿಯುವಷ್ಟರಲ್ಲಿ ನಿನ್ನ ದೊಡ್ಡಮ್ಮ ನೋಡಿಬಿಟ್ಟಳು. ಇನ್ನೂ ನಗುತ್ತಿದ್ದಾಳೆ. ಅದೇ ಕತೆಯ ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಸರಣಿಯ, 43 ಕಂತನ್ನೂ ರಾತ್ರಿ ಊಟ ಆದ ಮೇಲೆ ಇಬ್ಬರೂ ಕೂತು ನೋಡಿದೆವು.

ಅನಿಮೆ ನೋಡಿಯಾಯ್ತು, ಮಾಂಗಾ ಓದಲೇಬೇಕಾ ಅಂತ ನೀನು ಕೇಳಿದ್ದೆ. ಅದೇ ಪತ್ರದ ಕೊನೇಲಿ, ‘ನಾನೂ ಒನಿಜುಕಾ ತರ ಮೇಷ್ಟ್ರಾಗ್ತೀನಿ ದೊಡ್ಡಪ್ಪ’ ಅಂತ ಬರೆದಿದ್ದೆ. ಆ ಎರಡನೇ ಮಾತು ಓದಿ ಸ್ವಲ್ಪ ಗಾಬರಿಯಾಯಿತು. ನೀನು ಒಂಬತ್ತನೇ ಕ್ಲಾಸಿಗೆ ಟೀಚರಾಗಿ ಕೆಲಸಕ್ಕೆ ಸೇರಿ ಎರಡು ತಿಂಗಳು ಆಗಿದೆ ಅಷ್ಟೆ. ಅದಕ್ಕೇ ಈ ಉದ್ದದ ಪತ್ರ.

ಮೊದಲು ಅನಿಮೆಗೆ ಸಲ್ಲಬೇಕಾದ್ದು ಸಲ್ಲಲಿ. ನಗಿಸುವುದರಲ್ಲಿ ಅದೇ ಮೇಲು. ಆ ಉಪಪ್ರಾಂಶುಪಾಲ ಉಚಿಯಾಮಾದಾನ ಕಾರು ನೆನಪಿದೆಯಲ್ಲ, ಟೊಯೋಟಾ ಕ್ರೆಸ್ಟಾ? ಪ್ರತಿ ಸಲ ಅದು ಜಜ್ಜಿಹೋದಾಗಲೂ ಅವನು ‘ನನ್ನ ಕ್ರೆಸ್ಟಾ!’ ಅಂತ ಬಾಯಿ ಬಡಿದುಕೊಳ್ಳುತ್ತಾನೆ. ಪುಸ್ತಕದಲ್ಲಿ ಅದು ಬರೀ ಚಿತ್ರ. ಅನಿಮೆಯಲ್ಲಿ ಆ ಗೋಳಾಟಕ್ಕೆ ಗಂಟಲು ಸಿಕ್ಕಿದೆ. ನಿನ್ನ ದೊಡ್ಡಮ್ಮನಿಗೆ ಜಪಾನಿ ಭಾಷೆಯಲ್ಲಿ ಗೊತ್ತಿರುವ ಒಂದೇ ಪದ ಈಗ ಕ್ರೆಸ್ಟಾ. ಒನಿಜುಕಾಗೆ ದನಿ ಕೊಟ್ಟ ವಾತಾರು ತಕಾಗಿ ಒಂದೇ ಉಸಿರಿನಲ್ಲಿ ಪುಂಡನೂ ಆಗುತ್ತಾರೆ, ಪೆದ್ದನೂ ಆಗುತ್ತಾರೆ. ಇನ್ನು ಮುಖಗಳು. ಈ ಮಾಂಗಾದ ಕರ್ತೃ ಟೋರು ಫುಜಿಸಾವಾ ಬರೆಯುವ ಆ ವಿಕಾರ ಮುಖಗಳ ಮಜಾ ಇರುವುದು ಪುಟ ತಿರುಗಿಸುವುದರಲ್ಲಿ. ಗಂಭೀರವಾಗಿ ಓದುತ್ತಾ ಹಾಳೆ ಮಗುಚಿದರೆ, ಪುಟದ ತುಂಬಾ ಮೂಗು ಬಾಯಿ! ಈ ಒಂದು ವಿಷಯದಲ್ಲಿ ಅನಿಮೆ ಸೋತಿದೆ.

ಆದರೆ ಎರಡರ ಅಳತೆ ಬೇರೆ. ಮಾಂಗಾ 1997ರಿಂದ 2002ರವರೆಗೆ ವಾರಪತ್ರಿಕೆಯಲ್ಲಿ ಬಂತು. 1998ರಲ್ಲಿ ಕೊಡಾನ್ಶಾ ಪ್ರಕಾಶನದ ಮಾಂಗಾ ಪ್ರಶಸ್ತಿಯೂ ಸಿಕ್ಕಿತು. ಅದಕ್ಕೂ ಮುಂಚೆ ಒನಿಜುಕಾನ ಪುಂಡಾಟದ ದಿನಗಳನ್ನೇ ಫುಜಿಸಾವಾ ಇನ್ನೊಂದು ಮಾಂಗಾದಲ್ಲಿ ಆರು ವರ್ಷ ಬರೆದಿದ್ದರು. ಹಾಗಾಗಿ ಅಲ್ಲಿನ ಓದುಗರಿಗೆ ಅವನು ಶಾಲೆಗೆ ಕಾಲಿಡುವ ಮೊದಲೇ ನಮ್ಮ ಬೀದಿಯ ಹುಡುಗನಷ್ಟು ಪರಿಚಯ. ಸ್ಟುಡಿಯೋ ಪಿಯೆರೊ ಅನಿಮೆ ಶುರು ಮಾಡಿದ್ದು 1999ರಲ್ಲಿ, ಮುಗಿಸಿದ್ದು 2000ದಲ್ಲಿ. ಅಂದರೆ ಮಾಂಗಾ ಮುಗಿಯುವ ಮೊದಲೇ ಅನಿಮೆ ಮುಗಿಯಿತು. ಅದಕ್ಕೇ ಕೊನೆಯ ಭಾಗವನ್ನು ಅವರೇ ಕಟ್ಟಿಕೊಳ್ಳಬೇಕಾಯಿತು. (ಇವೆರಡರ ನಡುವೆ 1998ರಲ್ಲಿ ಟಿವಿ ಸೀರಿಯಲ್ ಕೂಡ ಬಂದಿತ್ತು. ಅದರ ಒನಿಜುಕಾ ತಕಾಶಿ ಸೊರಿಮಾಚಿ 2024ರಲ್ಲಿ ಮತ್ತೆ ಅದೇ ಪಾತ್ರ ಮಾಡಿದರು. ಐವತ್ತರ ಒನಿಜುಕಾ! ರಿಟೈರಾದ ನನ್ನಂಥವನಿಗೆ ಅದು ಸಮಾಧಾನದ ಸುದ್ದಿ.)

ಈಗ ಸುತ್ತಿಗೆ ವಿಷಯ. ನಿನಗೆ ಎಲ್ಲಕ್ಕಿಂತ ಇಷ್ಟವಾದ ದೃಶ್ಯ ಅದೇ ಅಂದಿದ್ದೆ. ನಾವು ಬಿ.ಎಡ್. ಮಾಡುವಾಗ ಪಾಠ ಕಲಿಯಲು ಬೇರೆ ಶಾಲೆಗೆ ಹೋಗುತ್ತೇವಲ್ಲ, ಒನಿಜುಕಾ ಆಗ ಹಾಗೆ ಹೋಗಿದ್ದ. ಅಲ್ಲಿ ನಾನಾಕೊ ಅನ್ನುವ ಹುಡುಗಿ. ಬಡತನ ಇದ್ದಾಗ ಅವರ ಮನೆಯವರೆಲ್ಲ ಒಟ್ಟಿಗೆ ಇದ್ದರು. ದುಡ್ಡು ಬಂತು, ದೊಡ್ಡ ಮನೆ ಬಂತು, ಮಾತು ನಿಂತಿತು. ಒನಿಜುಕಾ ದೊಡ್ಡ ಸುತ್ತಿಗೆ ತಂದು ಆ ಮನೆಯೊಳಗಿನ ಗೋಡೆಯನ್ನೇ ಒಡೆದು ಹಾಕುತ್ತಾನೆ. ನಾನೂ ಚಪ್ಪಾಳೆ ಹೊಡೆದೆ, ಸುಳ್ಳು ಹೇಳುವುದಿಲ್ಲ. ಆದರೆ ಗೋಡೆ ಒಡೆಯುವ ಮೊದಲು ಅವನೇನು ಮಾಡಿದ ಅಂತ ಗಮನಿಸಿದೆಯಾ? ಆ ಹುಡುಗಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡ. ಉಪದೇಶ ಮಾಡಲಿಲ್ಲ, ‘ಅಪ್ಪ ಅಮ್ಮನಿಗೆ ಎದುರು ಮಾತಾಡಬಾರದು’ ಅನ್ನಲಿಲ್ಲ. ಪರದೆಯಲ್ಲಿ ಸುತ್ತಿಗೆಯ ಸದ್ದೇ ಜಾಸ್ತಿ. ಪುಸ್ತಕದಲ್ಲಿ ಸದ್ದಿಲ್ಲ, ಹಾಗಾಗಿ ಆ ಹುಡುಗಿ ಮಾತಾಡುವ ಪುಟದಲ್ಲೇ ನಾನು ನಿಂತುಬಿಟ್ಟೆ.

ಸಿಂಚನಾ, ನಿನಗೆ ಸುತ್ತಿಗೆ ಹಿಡಿಯುವ ಅಧಿಕಾರ ಯಾರೂ ಕೊಡುವುದಿಲ್ಲ. ಮೊದಲನೇ ದಿನವೇ ಎಸ್‌ಡಿಎಂಸಿಯವರು ಬಾಗಿಲಲ್ಲಿ ನಿಲ್ಲುತ್ತಾರೆ. ಕೇಳಿಸಿಕೊಳ್ಳುವುದಕ್ಕೆ ಮಾತ್ರ ಯಾರ ಪರ್ಮಿಷನ್ನೂ ಬೇಡ.

ಉರುಮಿಯ ಕತೆ ಹೇಳದೆ ಮುಂದೆ ಹೋಗಲಾರೆ. ಮಹಾ ಬುದ್ಧಿವಂತೆ, ಮೇಷ್ಟ್ರುಗಳನ್ನು ಆಟದ ಗೊಂಬೆ ಮಾಡಿಕೊಂಡವಳು. ಅನಿಮೆಯಲ್ಲಿ ಅವಳ ಕಿತಾಪತಿಗೆ ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಕಾರಣ ಗೊತ್ತಾಗುತ್ತೆ. ಚಿಕ್ಕ ಕ್ಲಾಸಿನಲ್ಲಿದ್ದಾಗ ಅವಳ ಪ್ರಶ್ನೆಗಳಿಗೆ ಉತ್ತರ ಕೊಡಲಾಗದ ಟೀಚರ್ ಒಬ್ಬರು, ಅವಳ ಹುಟ್ಟಿನ ಗುಟ್ಟನ್ನು ಇಡೀ ಕ್ಲಾಸಿನ ಎದುರು ಆಡಿಬಿಟ್ಟಿರುತ್ತಾರೆ. ಒಂದೇ ಮಾತು, ಅಷ್ಟಕ್ಕೇ ಆ ಮಗು ಒಡೆದುಹೋಯಿತು.

ಆ ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಅಂತ ಹೇಳುತ್ತೇನೆ, ನಿಮ್ಮಪ್ಪನಿಗೂ ಹೇಳಿಲ್ಲ. ಸರ್ವಿಸಿನ ಮೂರನೇ ವರ್ಷ. ಬೀಜಗಣಿತ ಮಾಡುತ್ತಿದ್ದೆ. ಒಬ್ಬ ಹುಡುಗ ಮತ್ತೆ ಮತ್ತೆ ಅದೇ ತಪ್ಪು ಮಾಡುತ್ತಿದ್ದ. ಅವರಪ್ಪ ಸಂತೆಯಲ್ಲಿ ಈರುಳ್ಳಿ ಮಾರುತ್ತಿದ್ದರು. ‘ಬಿಡು, ನಿನಗೆ ತಕ್ಕಡಿ ಹಿಡಿಯುವಷ್ಟು ಲೆಕ್ಕ ಸಾಕು’ ಅಂದೆ. ಕ್ಲಾಸು ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಅವನು ಎದುರಾಡಲಿಲ್ಲ, ಶಾಲೆ ಬಿಡಲೂ ಇಲ್ಲ. ಆದರೆ ವರ್ಷ ಮುಗಿಯುವ ತನಕ ಒಂದು ಸಲವೂ ಕೈ ಎತ್ತಲಿಲ್ಲ. ನಾನು ಅದನ್ನು ಶಿಸ್ತು ಅಂತ ತಿಳಿದುಕೊಂಡಿದ್ದೆ.

ಇನ್ನೊಂದು ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಈ ಕತೆಯಲ್ಲಿ ಹೊಲಸು ಜೋಕು ಬೇಕಾದಷ್ಟಿದೆ. ಹೆಣ್ಣುಮಕ್ಕಳನ್ನು ಕದ್ದು ನೋಡುವುದು, ಅದೇ ತಮಾಷೆ ಅನ್ನುವುದು. ಮಾಂಗಾದಲ್ಲಿ ಜಾಸ್ತಿ, ಅನಿಮೆಯಲ್ಲಿ ತಕ್ಕಮಟ್ಟಿಗೆ ಕತ್ತರಿ ಹಾಕಿದ್ದಾರೆ. ಆ ಕಾಲದ ಹುಡುಗರ ಪತ್ರಿಕೆಯ ಚಾಳಿ ಅದು ಅಂತ ನಿನ್ನ ತಮ್ಮ ವಾದ ಮಾಡಿದ. ಇರಬಹುದು, ನಾನು ಒಪ್ಪಲಿಲ್ಲ. ನೀನೂ ಒಪ್ಪಬೇಕಿಲ್ಲ. ಒಂದು ಕತೆಯನ್ನು ಇಷ್ಟಪಟ್ಟರೆ ಅದರ ಕಸವನ್ನೂ ತಲೆ ಮೇಲೆ ಹೊರಬೇಕು ಅಂತೇನಿಲ್ಲ.

ಕೊನೆಯ ವಿಷಯಕ್ಕೆ ಬಂದರೆ, ನಾನು ಪೂರ್ತಿ ಮಾಂಗಾದ ಕಡೆ. ಅನಿಮೆಯಲ್ಲಿ ಎಲ್ಲ ಬೇಗ ಬೇಗ ಕಟ್ಟಿ ಒನಿಜುಕಾನನ್ನು ಅಮೆರಿಕಕ್ಕೆ ಕಳಿಸಿಬಿಡುತ್ತಾರೆ. ನೋಡಲು ಚೆನ್ನಾಗಿದೆ. ಆದರೆ ಮೇಷ್ಟ್ರ ಕೆಲಸ ಹಾಗಿರುವುದಿಲ್ಲ ಮಗಳೇ. ಮಾಂಗಾ ಅದೇ ಶಾಲೆಯ ಸುತ್ತಲೇ ಸುತ್ತುತ್ತದೆ. ದಾಯ್ಮೊನ್ ಅನ್ನುವ ಹೊಸ ಪ್ರಾಂಶುಪಾಲೆ ಬರುತ್ತಾಳೆ, ಅಲ್ಲಿಯತನಕ ಕಟ್ಟಿದ್ದೆಲ್ಲ ಅಲ್ಲಾಡುತ್ತದೆ. ಸರಿ ಹೋದರು ಅಂದುಕೊಂಡ ಮಕ್ಕಳು ಮತ್ತೆ ಹಳಿ ತಪ್ಪುತ್ತಾರೆ. ಒನಿಜುಕಾನ ಮೈಯೂ ಕೈ ಕೊಡುತ್ತದೆ. ಆ ಕೊನೆಯ ಸಂಪುಟಗಳು ಎಳೆದಾಡುತ್ತವೆ ಅಂತ ನಿನ್ನ ತಮ್ಮನ ದೂರು. ಎಳೆದಾಡುತ್ತವೆ, ಹೌದು. ಡಿಸೆಂಬರ್ ಆದ ಮೇಲೆ ನಿನ್ನ ಒಂಬತ್ತನೇ ಕ್ಲಾಸೂ ಹಾಗೇ ಎಳೆದಾಡುತ್ತೆ, ನೋಡ್ತಿರು.

ಹಾಗಾಗಿ ಮಾಂಗಾ ಓದು. ದಿನಕ್ಕೆ ಒಂದು ಅಧ್ಯಾಯ ಸಾಕು. ಒಂದೇ ರಾತ್ರಿ ಮುಗಿಸಿ ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಕ್ಲಾಸಿಗೆ ಹೋಗಬೇಡ. ಅವನ ತರ ಶಾಲೆಯಲ್ಲೇ ವಾಸ ಮಾಡಲೂ ಬೇಡ. ಐದಕ್ಕೆ ಮನೆಗೆ ಹೋಗು, ಸರಿಯಾಗಿ ಊಟ ಮಾಡು. ಎಚ್ಚೆಮ್ ಜತೆ ಜಗಳ ತೆಗೆಯಬೇಡ. ಉಚಿಯಾಮಾದಾನನ್ನು ನೋಡು, ಮನೆಯಲ್ಲೂ ಅವನಿಗೆ ಯಾರೂ ಬೆಲೆ ಕೊಡುವುದಿಲ್ಲ. ನಿಮ್ಮ ಎಚ್ಚೆಮ್ಮಿಗೂ ಎಲ್ಲೋ ಒಂದು ಕ್ರೆಸ್ಟಾ ಇರಬಹುದು.

ನಿನ್ನ ಪತ್ರವನ್ನು ಇವತ್ತು ಇನ್ನೊಂದು ಸಲ ಓದಿದೆ. ನಾಲ್ಕು ಪುಟ ಇದೆ. ಒನಿಜುಕಾ, ಉರುಮಿ, ಫುಯುತ್ಸುಕಿ ಎಲ್ಲರ ಹೆಸರೂ ಇದೆ. ನಿನಗೆ ದಿನಾ ಕಾಟ ಕೊಡುವ ಹುಡುಗನ ಬಗ್ಗೆ ಒಂದೂವರೆ ಪುಟ ಬರೆದಿದ್ದೀಯ, ಉದ್ದಕ್ಕೂ ‘ಆ ಲಾಸ್ಟ್ ಬೆಂಚಿನವನು’ ಅಂತಲೇ ಇದೆ. ಅವನ ಹೆಸರೇನು? ಮುಂದಿನ ಪತ್ರದಲ್ಲಿ ಬರಿ.

ದೊಡ್ಡಮ್ಮ ಮಾವಿನ ಮಿಡಿ ಉಪ್ಪಿನಕಾಯಿ ಕಳಿಸುತ್ತಾಳಂತೆ. ಪುಸ್ತಕಗಳನ್ನೂ ಅದರ ಜತೆಗೇ ಕಳಿಸುತ್ತೇನೆ. ಎಣ್ಣೆ ತಾಗದ ಹಾಗೆ ಬೇರೆ ಕಟ್ಟುತ್ತೇನೆ, ಇಲ್ಲದಿದ್ದರೆ ನಿನ್ನ ತಮ್ಮ ನನ್ನನ್ನು ಬಿಡುವುದಿಲ್ಲ.

ಇಂತಿ ನಿನ್ನ
ದೊಡ್ಡಪ್ಪ