ಮಗಳಿಗೊಂದು ಪತ್ರ: ಹಕ್ಕಿ ಕೂಗುವ ತನಕ ಕಾದಿರು

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ಆ ಹಕ್ಕಿಯ ಫೋಟೊದ ವಿಷಯಕ್ಕೆ ನಮ್ಮಿಬ್ಬರ ಮಾತು ಬಿಸಿಯೇರಿ ಅರ್ಧಕ್ಕೇ ನಿಂತಿತು. ಉತ್ತರ ಇಂಗ್ಲೆಂಡಿನ ಹಳೆಯ ಕಲ್ಲಿದ್ದಲು ಗಣಿಗಳ ಜೌಗು ಕುರುಚಲು ಕಾಡಿಗೆ ವಿಲೋ ಟಿಟ್ ಎಂಬ ಪುಟ್ಟ ಹಕ್ಕಿಯ ಸಮೀಕ್ಷೆಗೆಂದು ನೀನು ನಾಳೆ ಹೊರಡುವ ಮುನ್ನ ಉಳಿದದ್ದನ್ನು ಬರೆಯುತ್ತಿದ್ದೇನೆ. ಆ ಕೆಲಸಕ್ಕೆ ನಿನ್ನನ್ನು ಆರಿಸಿದ್ದು ನನಗೆಷ್ಟು ಹೆಮ್ಮೆಯ ಸಂಗತಿ ಎಂದು ಹೇಳುವುದಕ್ಕೇ ಆಗಲಿಲ್ಲ.

ಗಂಟಲಿನ ಕಪ್ಪು ದೊಡ್ಡದಿದೆ, ನೆತ್ತಿಗೆ ಹೊಳಪಿಲ್ಲ, ಆದ್ದರಿಂದ ಅದು ವಿಲೋ ಟಿಟ್ಟೇ ಎಂದು ನೀನು ವಾದಿಸಿದೆ. ಆ ಲಕ್ಷಣಗಳು ಸುಳ್ಳಲ್ಲ. ಆದರೆ ಬೆಳಕು ಬದಲಾದರೆ, ಗರಿ ಸವೆದರೆ ಅದನ್ನೇ ಹೋಲುವ ಇನ್ನೊಂದು ಹಕ್ಕಿ ಮಾರ್ಷ್ ಟಿಟ್ ಕೂಡ ಹಾಗೆಯೇ ಕಾಣಬಹುದು. ನೀನು ಹೋಲಿಸಿ ನೋಡಿದ ಚಿತ್ರ ವಿಲೋ ಟಿಟ್ಟಿನ ಸ್ಕ್ಯಾಂಡಿನೇವಿಯಾದ ಬೋರಿಯಾಲಿಸ್ ಉಪಜಾತಿಯದು. ಅದರ ಬೆನ್ನು ತಿಳಿಬೂದು, ಕೆನ್ನೆ ಅಚ್ಚ ಬಿಳಿ. ಬ್ರಿಟನ್ನಿನಲ್ಲಿ ಮಾತ್ರ ಇರುವ ಉಪಜಾತಿ ಕ್ಲೈನ್‌ಶ್ಮಿಟಿ ಅದಕ್ಕಿಂತ ಚಿಕ್ಕದು, ಕಂದು ಹೆಚ್ಚು. ಅದಕ್ಕೇ ಅಲ್ಲಿನ ಮಾರ್ಷ್ ಟಿಟ್‌ನಿಂದ ಅದನ್ನು ಬೇರ್ಪಡಿಸುವುದು ಇನ್ನಷ್ಟು ಕಷ್ಟ. 1897ರಲ್ಲಿ ಪಕ್ಷಿತಜ್ಞರಾದ ಹಾರ್ಟರ್ಟ್ ಮತ್ತು ಕ್ಲೈನ್‌ಶ್ಮಿಟ್ ಬ್ರಿಟಿಷ್ ಮ್ಯೂಸಿಯಮ್ಮಿನ ಮಾರ್ಷ್ ಟಿಟ್ ಮಾದರಿಗಳ ನಡುವೆ ವಿಲೋ ಟಿಟ್ಟನ್ನು ಪತ್ತೆಮಾಡುವವರೆಗೆ, ಹಕ್ಕಿಗಳನ್ನು ಅಷ್ಟು ಶ್ರದ್ಧೆಯಿಂದ ನೋಡುತ್ತಿದ್ದ ಆ ದೇಶದಲ್ಲಿ ಅದೊಂದು ಬೇರೆ ಹಕ್ಕಿಯೆಂದೇ ತಿಳಿದಿರಲಿಲ್ಲ.

ಆದ್ದರಿಂದ ಅದು ಕೂಗುವ ತನಕ ಕಾದಿರು. ಮೂಗಿನಿಂದ ಎಳೆದಂತೆ 'ಚೇ-ಚೇ-ಚೇ' ಎಂದರೆ ವಿಲೋ. ಸೀನಿದ ಹಾಗೆ 'ಪಿಚೂ' ಎಂದರೆ ಮಾರ್ಷ್. ಕೂಗದಿದ್ದರೆ ಮೇಲ್ಕೊಕ್ಕಿನ ಬುಡ ನೋಡು. ಅಲ್ಲಿ ಬಿಳಿಚುಕ್ಕೆಯಿದ್ದರೆ ಅದು ಬಹುಮಟ್ಟಿಗೆ ಮಾರ್ಷ್. ಕೊಳೆತ ಕಾಂಡದಲ್ಲಿ ಗೂಡನ್ನು ತಾನೇ ಕೊರೆಯುವುದು ವಿಲೋ. ಮಾರ್ಷ್ ಸಾಮಾನ್ಯವಾಗಿ ಇರುವ ಪೊಟರೆಯನ್ನೇ ಸೇರುತ್ತದೆ. ಇಷ್ಟಾದರೂ ಖಚಿತವಾಗದಿದ್ದರೆ 'ಗುರುತಿಸಲಾಗಲಿಲ್ಲ' ಎಂದೇ ದಾಖಲಿಸು, ಅದರಲ್ಲಿ ಅವಮಾನವೇನೂ ಇಲ್ಲ.

ಮತ್ತೆ ಉಪದೇಶ ಶುರುವಾಯಿತು ಎನ್ನುತ್ತೀಯ, ಕ್ಷಮಿಸು. ಆದರೆ ನನ್ನ ಭಯ ಇದೊಂದೇ. 1970ರಿಂದೀಚೆಗೆ ಬ್ರಿಟನ್ನಿನ ವಿಲೋ ಟಿಟ್‌ಗಳು ಶೇಕಡಾ 90ಕ್ಕಿಂತಲೂ ಹೆಚ್ಚು ಕಡಿಮೆಯಾಗಿವೆ. ನೀನು ಆತುರದಲ್ಲಿ ಮಾರ್ಷ್ ಟಿಟ್ಟನ್ನು ವಿಲೋ ಎಂದು ಬರೆದರೆ, ಹಕ್ಕಿ ಅಳಿದುಹೋದ ಜಾಗದಲ್ಲಿ ಅದು ಇನ್ನೂ ಇದೆಯೆಂದು ಎಲ್ಲರೂ ನಂಬಿ ಸುಮ್ಮನಾಗುತ್ತಾರೆ. ವಿಲೋವನ್ನು ಮಾರ್ಷ್ ಎಂದು ಬರೆದರೆ, ಅದಕ್ಕೆ ಬೇಕಾದ ಕೊಳೆತ ಮರವಿರುವ ಹಸಿ ಪೊದೆಗಾಡನ್ನು ಉಪಯೋಗವಿಲ್ಲದ ಜಾಗವೆಂದು ಸವರಿಬಿಡಬಹುದು. ಅಲ್ಲಿರುವ ಸ್ವಲ್ಪವೇ ಹಕ್ಕಿಗಳ ಅಳಿವು ಉಳಿವು ನಿನ್ನಂಥವರು ಬರೆಯುವ ಒಂದೊಂದು ಸಾಲನ್ನೂ ಅವಲಂಬಿಸಿರುವಾಗ ನಾನು ಹೇಗೆ ಸುಮ್ಮನಿರಲಿ?

ವಿಲೋ ಟಿಟ್ಟಿನ ಕೂಗನ್ನು ಮೊಬೈಲಿನಲ್ಲಿ ಕೇಳಿಸುವಾಗ ಹಕ್ಕಿ ಉತ್ತರಿಸಿದೊಡನೆ ನಿಲ್ಲಿಸು. ಗೂಡು ಕೊರೆಯುವ ಹೊತ್ತಿನಲ್ಲಿ ಅದನ್ನು ಕಾಡಬಾರದು. ನೀರು ನಿಂತ ಗಣಿಯ ಅಂಚುಗಳಿಗೆ ಒಬ್ಬಳೇ ಹೋಗಬೇಡ, ಸಂಜೆ ಮರಳಿದ ಕೂಡಲೇ ಒಂದು ಸಂದೇಶ ಹಾಕು.

ನಿನ್ನ ಅಮ್ಮ