ಘಟ್ಟ ಇಳಿಯುವ ಮುಂಚೆ ಬ್ರೇಕ್ ನೋಡಿ

ಸಂಪಾದಕರೇ,

ಹಳೇ ಸಣ್ಣ ಕಾರಿನಲ್ಲಿ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಆಗಾಗ ಕುಮಟಾಕ್ಕೆ ಹೋಗುವವ ನಾನು. ಮಳೆಗಾಲದ ನಂತರ ಬ್ರೇಕ್ ಒತ್ತಿದರೆ ಮುಂದಿನ ಚಕ್ರದಲ್ಲಿ ಕಿರ್ ಎನ್ನುತ್ತಿತ್ತು. ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆಗೆ, ಅಂದರೆ ಡಿಸ್ಕಿಗೆ, ತುಕ್ಕು ಹಿಡಿದಿರಬೇಕೆಂದು ಸುಮ್ನೆ ಇದ್ದೆ. ತುಕ್ಕಾದರೆ ನಾಲ್ಕು ಸಲ ಒತ್ತಿದರೆ ಹೋಗುತ್ತದೆ. ಇದು ಹೋಗಲಿಲ್ಲ.

ಚಕ್ರ ಬಿಚ್ಚಿಸಿದರೆ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡುಗಳಲ್ಲಿ ಹೊರಗಿನದು ದಪ್ಪವೇ ಇತ್ತು, ಒಳಗಿನದು ಬರೀ 2 ಮಿ.ಮೀ.! ಪ್ಯಾಡ್ ಒತ್ತುವ ಕ್ಯಾಲಿಪರ್ ಜಾರಬೇಕಾದ ಪಿನ್ ಬಿಗಿದುಕೊಂಡಿತ್ತು. ಹೊರಗಿನಿಂದ ಇಣುಕಿ ನೋಡಿ ‘ಸರಿ ಇದೆ’ ಅನ್ನುವವರಿಗೆ ಇದು ಕಾಣುವುದೇ ಇಲ್ಲ.

ಗ್ಯಾರೇಜಿನವರು ಪ್ಯಾಡ್ ಮಾತ್ರ ಬದಲಿಸಲು ಹೊರಟಿದ್ದರು. ಡಿಸ್ಕನ್ನೂ ಅಳೆಯಿರಿ ಅಂದೆ. ಕನಿಷ್ಠ ದಪ್ಪ ಎಷ್ಟೆಂದು ಡಿಸ್ಕಿನ ಮೇಲೇ ಕೊರೆದಿರುತ್ತದೆ, ಅಲ್ವಾ? ನಮ್ಮದು ಅದಕ್ಕಿಂತ ಸವೆದಿತ್ತು. ಎರಡೂ ಬದಿಗೆ ಹೊಸ ಡಿಸ್ಕ್, ಪ್ಯಾಡ್ ಹಾಕಿಸಿದೆ. ಪಿನ್ನಿಗೆ ಗ್ರೀಸ್ ಹಚ್ಚಿದರು. ಹೊಸ ಪ್ಯಾಡ್ ಹಾಕಿದ ಮೇಲೆ ಗಾಡಿ ಹೊರಡಿಸುವ ಮುಂಚೆ ಬ್ರೇಕ್ ಪೆಡಲ್ ಗಟ್ಟಿಯಾಗುವ ತನಕ ಒತ್ತಬೇಕು. ಮೊದಲ ಸಲ ಅದು ಕೆಳಗೇ ಹೋಗುತ್ತದೆ, ಎದೆ ಧಸಕ್ ಅನ್ನುತ್ತದೆ.

ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಘಟ್ಟ ಇಳಿಯುವವರು ಇನ್ನೂ ಇದ್ದಾರೆ. ಬ್ರೇಕ್ ಕಾದು ಹಿಡಿತ ತಪ್ಪುವುದು ಹಾಗೆಯೇ. ಗೇರಿನಲ್ಲೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿದರೆ ಈಗಿನ ಇಂಜೆಕ್ಷನ್ ಎಂಜಿನ್ ಹೆಚ್ಚುಕಡಿಮೆ ಪೆಟ್ರೋಲ್ ಕುಡಿಯುವುದೇ ಇಲ್ಲ, ಮಾರಾಯ್ರೇ.

– ಓರ್ವ ಓದುಗ, ಶಿರಸಿ