ಆ ಹತ್ತು ಸೆಕೆಂಡು

ಪ್ರೀತಿಯ ಮಗಳೇ,

ನಿನ್ನ ಥ್ರಿಲ್ಲರ್ ಕಾದಂಬರಿಯ ಹಸ್ತಪ್ರತಿ ಕೈಸೇರಿ ಮೂರು ವಾರ ಆಯಿತು. ಎರಡು ಸಲ ಓದಿದೆ. ‘ನನ್ನನ್ನು ನೀನು ಅಂತಲೇ ಕರೆಯಿರಿ’ ಅಂತ ಬರೆದಿದ್ದೀಯ, ಆ ಸಲುಗೆ ತೆಗೆದುಕೊಳ್ಳುತ್ತಿದ್ದೇನೆ. ಪತ್ರದ ಕೊನೆಯಲ್ಲಿ ‘ನಾಲ್ಕು ಕಡೆಯಿಂದ ವಾಪಸ್ ಬಂತು, ಇನ್ನು ಫೈಲ್ ಅಳಿಸಿಹಾಕುತ್ತೇನೆ’ ಅಂದಿದ್ದೀಯಲ್ಲ, ಅದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅಳಿಸಬೇಡ ಕಣಮ್ಮ. ಮೊದಲು ಈ ಪತ್ರ ಪೂರ್ತಿ ಓದು.

ನೀನು ತುಂಬಾ ಪ್ರಶ್ನೆ ಕೇಳಿದ್ದೀಯ. ಅಧ್ಯಾಯ ಎಷ್ಟು ಪುಟ ಇರಬೇಕು, ಪ್ರಕಾಶಕರಿಗೆ ಹೇಗೆ ಬರೆಯಬೇಕು, ಕತೆಯನ್ನು ಯಾರ ಬಾಯಲ್ಲಿ ಹೇಳಿಸಬೇಕು. ಇವಕ್ಕೆ ಉತ್ತರ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನನಗೆ ಹೇಳಬೇಕು ಅನ್ನಿಸಿದ್ದು ಒಂದೇ. ಅದು ನಿನ್ನ ಏಳನೇ ಅಧ್ಯಾಯದ ಎರಡು ಸಾಲಿನ ಬಗ್ಗೆ.

‘ಅವಳ ಬೆರಳುಗಳು ಕೀಬೋರ್ಡಿನ ಮೇಲೆ ಕುಣಿದವು. ಹತ್ತು ಸೆಕೆಂಡಿನಲ್ಲಿ ಅವಳು ಬ್ಯಾಂಕಿನ ಸರ್ವರ್ ಒಳಗಿದ್ದಳು.’

ಇಲ್ಲಿಗೆ ಬಂದಾಗ ಹಸ್ತಪ್ರತಿ ಮುಚ್ಚಿಟ್ಟು ಎದ್ದುಹೋದೆ. ಸಿಟ್ಟು ಬಂದಿತ್ತು. ಹೇಗೆ ಹೋದಳು? ಆರು ಅಧ್ಯಾಯ ನಾನು ಆ ಹುಡುಗಿಯ ಜೊತೆಗೇ ಇದ್ದೆ. ಕೀಬೋರ್ಡಿನ ಸದ್ದು ಅಣ್ಣನಿಗೆ ಕೇಳಬಾರದು ಅಂತ ಬಚ್ಚಲಲ್ಲಿ ನಲ್ಲಿ ಬಿಟ್ಟು ಬಂದು ಟೈಪ್ ಮಾಡುತ್ತಾಳಲ್ಲ, ಆ ಪುಟ ಎಷ್ಟು ಚೆನ್ನಾಗಿದೆ ಅಂತ ನಿನಗೆ ಗೊತ್ತಾ? ನೀರು ಹರಿಯುವ ಸದ್ದು ನಿಂತರೆ ಏನು ಗತಿ ಅಂತ ನಾನು ಉಸಿರು ಬಿಗಿಹಿಡಿದು ಓದಿದೆ. ಅಷ್ಟು ನಿಜವಾಗಿ ಬರೆಯಬಲ್ಲವಳು ಕತೆಯ ಮುಖ್ಯವಾದ ಜಾಗದಲ್ಲೇ ನನ್ನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡೆ.

ಇದನ್ನು ಇಷ್ಟು ಹಟ ಹಿಡಿದು ಹೇಳುವುದಕ್ಕೆ ಕಾರಣ ಇದೆ.

ಫೋನ್ ಲೈನಿನ ಮೂಲಕ ಕಂಪ್ಯೂಟರ್ ಜೋಡಿಸುತ್ತಿದ್ದ ಮೋಡೆಮ್ಮಿನ ಕಾಲದಲ್ಲಿ ನಾನೂ ಹುಡುಗರಿಗಾಗಿ ಒಂದು ಥ್ರಿಲ್ಲರ್ ಬರೆದಿದ್ದೆ. ಮೂವರು ಹುಡುಗರು ಒಂದು ಕಂಪನಿಯ ಕಂಪ್ಯೂಟರಿಗೆ ನುಗ್ಗುವ ಕತೆ. ಅವರು ಹೇಗೆ ನುಗ್ಗಿದರು ಅನ್ನುವುದಕ್ಕೇ ನಲವತ್ತು ಪುಟ ಇತ್ತು. ಕಂಪನಿಯ ಕಸದ ಡಬ್ಬಿಯಿಂದ ಹಳೇ ಪ್ರಿಂಟೌಟ್ ಆರಿಸುತ್ತಾರೆ. ಗುಮಾಸ್ತರ ಹೆಸರು ಕಲಿಯುತ್ತಾರೆ. ಅವರಲ್ಲಿ ಒಬ್ಬಳಿಗೆ ಫೋನ್ ಮಾಡಿ ದೊಡ್ಡವರ ದನಿಯಲ್ಲಿ ಮಾತಾಡುತ್ತಾರೆ. ನನ್ನ ಸಂಪಾದಕರು ಆ ನಲವತ್ತು ಪುಟಕ್ಕೂ ಅಡ್ಡಗೆರೆ ಎಳೆದರು. ‘ಓದುವ ಹುಡುಗರಿಗೆ ತಾಳ್ಮೆ ಇಲ್ಲ, ನೇರ ಒಳಗೆ ಕಳಿಸಿ’ ಅಂದರು. ನಾನು ವಾದ ಮಾಡಲಿಲ್ಲ. ಪುಸ್ತಕ ಬರುವುದು ಮುಖ್ಯ ಅನ್ನಿಸಿತ್ತು. ನಲವತ್ತು ಪುಟದ ಜಾಗದಲ್ಲಿ ಎರಡು ಸಾಲು ಬರೆದೆ. ಅದರಲ್ಲೂ ಬೆರಳುಗಳು ಕುಣಿದಿದ್ದವು.

ಪುಸ್ತಕ ಚೆನ್ನಾಗಿ ಹೋಯಿತು. ಎಲ್ಲರೂ ‘ಒಂದೇ ಉಸಿರಿಗೆ ಓದಿದೆ’ ಅಂದರು. ಆಮೇಲೆ ಹದಿನಾಲ್ಕು ವರ್ಷದ ಹುಡುಗನೊಬ್ಬನ ಪತ್ರ ಬಂತು. ‘ಅವರು ಒಳಗೆ ಹೇಗೆ ಹೋದರು? ನನ್ನ ಪ್ರತಿಯಲ್ಲಿ ಪುಟ ಬಿಟ್ಟುಹೋಗಿರಬೇಕು ಅಂತ ಪುಟದ ನಂಬರ್ ಎಲ್ಲ ಎಣಿಸಿ ನೋಡಿದೆ. ಸರಿಯಾಗಿದೆ. ದಯವಿಟ್ಟು ತಿಳಿಸಿ.’ ಇಷ್ಟೇ ಪತ್ರ. ನಾನು ಉತ್ತರ ಬರೆಯಲಿಲ್ಲ. ಏನಂತ ಬರೆಯುವುದು? ಆ ನಲವತ್ತು ಪುಟ ಆಗಲೇ ಕಳೆದುಹೋಗಿತ್ತು. ಹುಡುಗನ ಪತ್ರ ಮಾತ್ರ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ತಾಳ್ಮೆ ಇಲ್ಲ ಅಂತ ನಾವು ತೀರ್ಮಾನ ಮಾಡಿದ್ದ ಹುಡುಗ ಪುಟದ ನಂಬರ್ ಎಣಿಸಿದ್ದ.

ಸೆಕೆಂಡಿನ ಮಾತು ಬಂತಲ್ಲ, ಒಂದು ನಿಜವಾದ ಘಟನೆ ಹೇಳುತ್ತೇನೆ ಕೇಳು. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಅನ್ನುವ ಖಗೋಳ ವಿಜ್ಞಾನಿಗೆ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಬಂತು. ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗುತ್ತಿಲ್ಲ, ಯಾಕೆ ನೋಡು ಅಂದರು. ಯಾರೋ ದುಡ್ಡು ಕೊಡದೆ ಒಂಬತ್ತು ಸೆಕೆಂಡು ಕಂಪ್ಯೂಟರ್ ಬಳಸಿದ್ದರು. ನಿನ್ನ ಹತ್ತು ಸೆಕೆಂಡಿಗಿಂತ ಒಂದು ಕಡಿಮೆ! ಆ ಒಂಬತ್ತು ಸೆಕೆಂಡಿನ ಬೆನ್ನು ಹತ್ತಿ ಸ್ಟಾಲ್ ಹತ್ತು ತಿಂಗಳು ಅಲೆದರು. ಫೋನ್ ಲೈನುಗಳಿಗೆ ಪ್ರಿಂಟರ್ ಜೋಡಿಸಿ, ಆಫೀಸಿನಲ್ಲೇ ಮಲಗಿ, ಆ ಕಡೆಯವನು ಒತ್ತಿದ ಒಂದೊಂದು ಕೀಯನ್ನೂ ಕಾಗದದ ಮೇಲೆ ನೋಡಿದರು. ಅವನು ಬೇಗ ಬೇಗ ಹೋಗಿಬಿಡುತ್ತಿದ್ದ, ಫೋನ್ ಲೈನಿನ ಜಾಡು ಹಿಡಿಯುವಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಅವನನ್ನು ಕೂರಿಸಿಕೊಳ್ಳಲು ಮಿಲಿಟರಿ ಗುಟ್ಟಿನಂತೆ ಕಾಣುವ ಸುಳ್ಳು ಕಡತಗಳನ್ನು ಸೃಷ್ಟಿಸಿ ಇಟ್ಟರು. ಅವನು ಓದುತ್ತಾ ಕೂತ. ಜಾಡು ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಮುಟ್ಟಿತು.

ಇದರಲ್ಲಿ ಗುಂಡು ಹಾರಲಿಲ್ಲ, ಕಾರು ಬೆನ್ನಟ್ಟಲಿಲ್ಲ. ಒಬ್ಬ ಓದುತ್ತಿದ್ದಾನೆ, ಇನ್ನೊಬ್ಬ ಅವನು ಓದುವುದನ್ನು ಬಿಡದಿರಲಿ ಅಂತ ಕಾಯುತ್ತಿದ್ದಾನೆ. ನನಗೆ ಇದಕ್ಕಿಂತ ವೇಗದ ದೃಶ್ಯ ಗೊತ್ತಿಲ್ಲ. ಯಾಕೆಂದರೆ ಅಲ್ಲಿ ‘ಹೇಗೆ’ ಅನ್ನುವುದು ನನ್ನ ಕಣ್ಣೆದುರಿಗೇ ಇದೆ. ಯಾವ ಎಳೆ ಹರಿದರೆ ಎಲ್ಲ ಮುಗಿಯುತ್ತದೆ ಅಂತ ನನಗೆ ಗೊತ್ತಿದೆ. ನಿನ್ನ ಏಳನೇ ಅಧ್ಯಾಯದಲ್ಲಿ ಯಾವ ಎಳೆಯೂ ಕಾಣುವುದಿಲ್ಲ. ಪರದೆಯ ಮೇಲೆ ಕೆಂಪು ಗೋಡೆ ಒಡೆದು ಬೀಳುತ್ತದೆ, ಅಷ್ಟೇ. ಅದಕ್ಕೇ ಆ ಅಧ್ಯಾಯ ನಿಧಾನ. ಎಂಟರಿಂದ ಹತ್ತರವರೆಗೆ ನೀನು ಐದು ಸಲ ಬೆನ್ನಟ್ಟಿಸಿದ್ದೀಯ, ಎರಡು ಸಲ ಸ್ಫೋಟ ಮಾಡಿಸಿದ್ದೀಯ. ಏಳರಲ್ಲಿ ಕಳೆದುಕೊಂಡ ಭಯವನ್ನು ಅಲ್ಲಿ ಬಡ್ಡಿ ಕಟ್ಟಿ ವಾಪಸ್ ತರಲು ನೋಡಿದ್ದೀಯ. ಅದು ಬರಲಿಲ್ಲ ಅಂತ ನಿನಗೂ ಗೊತ್ತು. ಗೊತ್ತಿಲ್ಲದಿದ್ದರೆ ಮೂರನೇ ಸ್ಫೋಟವನ್ನು ಹೊಡೆದುಹಾಕುತ್ತಿರಲಿಲ್ಲ. ಆ ಗೆರೆ ಎಳೆದ ಗುರುತು ಹಸ್ತಪ್ರತಿಯಲ್ಲಿ ಕಾಣುತ್ತದೆ.

ಹಾಗಂತ ಕೋಡ್ ಬರೆ, ಕಮಾಂಡ್‌ಗಳ ಪಟ್ಟಿ ಕೊಡು ಅಂತ ಹೇಳುತ್ತಿಲ್ಲ. ಕಳ್ಳತನದ ಪಾಠ ಬೇಡ. ನನಗೂ ಕೋಡ್ ಬರುವುದಿಲ್ಲ. ನಿಜವಾದ ಪ್ರಕರಣಗಳನ್ನು ಓದಿದಷ್ಟೂ ನನಗೆ ಕಂಡದ್ದು ಬೇರೆ. ಈ ಹುಡುಗರು ಒಳಗೆ ಹೋದ ದಾರಿ ಹೆಚ್ಚಿನ ಸಲ ಒಬ್ಬ ಮನುಷ್ಯನ ಮೂಲಕವೇ ಹಾದುಹೋಗಿದೆ.

2020ರ ಜುಲೈ 15ರಂದು ಟ್ವಿಟ್ಟರ್‌ನಲ್ಲಿ ಲೋಕವೆಲ್ಲ ಬಲ್ಲ ದೊಡ್ಡವರ ಖಾತೆಗಳಿಂದ ‘ಬಿಟ್‌ಕಾಯಿನ್ ಕಳಿಸಿ, ಎರಡರಷ್ಟು ವಾಪಸ್ ಕೊಡುತ್ತೇವೆ’ ಅನ್ನುವ ಸಂದೇಶ ಬಂತಲ್ಲ, ಅದರ ಹಿಂದೆ ಮುಖ್ಯವಾಗಿ ಇದ್ದವನು 17 ವರ್ಷದ ಹುಡುಗ. ಗುರಿ ಇಟ್ಟದ್ದು 130 ಖಾತೆಗಳಿಗೆ. ದಾರಿ ಯಾವುದು? ಫೋನ್. ಸಾಂಕ್ರಾಮಿಕದ ದಿನಗಳು, ಎಲ್ಲರೂ ಮನೆಯಿಂದ ಕೆಲಸ ಮಾಡುತ್ತಿದ್ದರು, ಮನೆಯಿಂದ ಕಂಪನಿಯ ನೆಟ್‌ವರ್ಕ್ ಸೇರಲು ಬಳಸುವ ವಿಪಿಎನ್ ಆಗಾಗ ಕೈಕೊಡುತ್ತಿತ್ತು. ನೌಕರರಿಗೆ ಕರೆ ಬಂತು: ‘ಐಟಿ ವಿಭಾಗದಿಂದ ಮಾತಾಡುತ್ತಿದ್ದೇವೆ, ನಿಮ್ಮ ವಿಪಿಎನ್ ಸಮಸ್ಯೆ ಸರಿ ಮಾಡಬೇಕು.’ ನಿಜದ ಹಾಗೇ ಕಾಣುವ ನಕಲಿ ಪುಟದಲ್ಲಿ ಪಾಸ್‌ವರ್ಡ್ ಹಾಕಿಸಿದರು. ಕರೆ ಬಂದವರಲ್ಲಿ ಕೆಲವರಿಗೆ ಅನುಮಾನ ಬಂದು ಕಂಪನಿಗೆ ತಿಳಿಸಿಯೂ ಇದ್ದರು. ಆದರೆ ನಂಬಿದವರೂ ಇದ್ದರು.

ಈಗ ಯೋಚಿಸು. ಒಂದು ಮನೆಯಲ್ಲಿ ಒಬ್ಬರು ಫೋನ್ ಇಟ್ಟು ‘ಇದ್ಯಾಕೋ ಸರಿಯಿಲ್ಲ’ ಅಂತ ದೂರು ಬರೆಯುತ್ತಿದ್ದಾರೆ. ಇನ್ನೊಂದು ಮನೆಯಲ್ಲಿ ಇನ್ನೊಬ್ಬರು ‘ಅಬ್ಬ, ಕೊನೆಗೂ ಯಾರೋ ಸಹಾಯಕ್ಕೆ ಬಂದರಲ್ಲ’ ಅಂತ ಪಾಸ್‌ವರ್ಡ್ ಹಾಕುತ್ತಿದ್ದಾರೆ. ಯಾವುದು ಮೊದಲು ಮುಟ್ಟುತ್ತದೆ? ನಿನ್ನ ಥ್ರಿಲ್ಲರ್ ಅಲ್ಲಿದೆ ಕಣೇ!

ಇನ್ನೊಂದು. 2022ರಲ್ಲಿ ಊಬರ್‌ಗೆ ನುಗ್ಗಿದವರ ಕೈಯಲ್ಲಿ ಗುತ್ತಿಗೆ ಕೆಲಸಗಾರರೊಬ್ಬರ ಪಾಸ್‌ವರ್ಡ್ ಆಗಲೇ ಇತ್ತು. ಆದರೆ ಲಾಗಿನ್ ಮಾಡಿದಾಗೆಲ್ಲ ಆ ಕೆಲಸಗಾರರ ಫೋನಿಗೆ ‘ಇದು ನೀವೇನಾ?’ ಅಂತ ಒಪ್ಪಿಗೆ ಕೇಳುವ ಸಂದೇಶ ಹೋಗುತ್ತಿತ್ತು. ಒಪ್ಪಿಗೆ ಸಿಗಲಿಲ್ಲ. ಮತ್ತೆ ಕಳಿಸಿದರು. ಮತ್ತೆ, ಮತ್ತೆ. ಕೊನೆಗೆ ಒಂದಕ್ಕೆ ಒಪ್ಪಿಗೆ ಬಿತ್ತು. ಕಂಪನಿಯೇ ಹೇಳಿದ ವಿವರ ಇದು. ಆ ಒಂದು ಒತ್ತು ಇದೆಯಲ್ಲ, ಅದರ ಮುಂದೆ ನಾನು ಎಷ್ಟೋ ದಿನ ನಿಂತಿದ್ದೇನೆ. ನಿದ್ದೆ ಬರುತ್ತಿತ್ತಾ? ಮಗು ಅಳುತ್ತಿತ್ತಾ? ಈ ಫೋನು ಸುಮ್ನಾದರೆ ಸಾಕು ಅನ್ನಿಸಿತಾ? ಯಾವ ವರದಿಯೂ ಅದನ್ನು ಹೇಳುವುದಿಲ್ಲ. ಕಾದಂಬರಿ ಬರೆಯುವವರು ಹೇಳಬೇಕು.

ನಿನ್ನ ಹಸ್ತಪ್ರತಿಯಲ್ಲೂ ಅಂಥವನೊಬ್ಬ ಇದ್ದಾನೆ. ಹನ್ನೊಂದನೇ ಅಧ್ಯಾಯದಲ್ಲಿ ಪೊಲೀಸರು ವಿಚಾರಿಸುವ ರಾತ್ರಿ ಪಾಳಿಯ ಹೆಲ್ಪ್‌ಡೆಸ್ಕ್ ಮನುಷ್ಯ. ‘ನನಗೇನೂ ಗೊತ್ತಿಲ್ಲ ಸಾರ್’ ಅನ್ನುತ್ತಾನೆ, ಮಾರನೇ ದಿನ ಕೆಲಸ ಕಳೆದುಕೊಳ್ಳುತ್ತಾನೆ. ಅವನಿಗೆ ನೀನು ಕೊಟ್ಟದ್ದು ಎರಡೇ ಸಾಲು. ಅವನ ಕೆಲಸ ಯಾಕೆ ಹೋಯಿತು? ಹುಡುಗಿ ಹತ್ತು ಸೆಕೆಂಡಿನಲ್ಲಿ ತಾನೇ ಒಳಗೆ ಹೋಗಿದ್ದರೆ ಅವನ ತಪ್ಪೇನು? ನೀನು ಯೋಚನೆ ಮಾಡಿ ಬರೆದೆಯೋ, ಕೈ ತಾನಾಗಿ ಬರೆಯಿತೋ ಗೊತ್ತಿಲ್ಲ. ಆದರೆ ನಿನ್ನ ಕೈಗೆ ನಿಜ ಗೊತ್ತಿತ್ತು. ಅವಳು ಅವನಿಗೆ ಫೋನ್ ಮಾಡಿದ್ದಾಳೆ. ಅವನು ನಂಬಿದ್ದಾನೆ. ಏಳನೇ ಅಧ್ಯಾಯ ಆ ಫೋನ್ ಕರೆ. ಹೋಗಿ ಅದನ್ನು ಬರೆ.

ಆ ಕರೆ ಬರೆದ ಮೇಲೆ ನಿನ್ನ ಹುಡುಗಿ ಬದಲಾಗುತ್ತಾಳೆ. ಈಗ ಅವಳಿಗೆ ಭಯವೇ ಇಲ್ಲ, ಅವಳ ಮಾತೆಲ್ಲ ಚುರುಕು. ಅಂಥ ಹುಡುಗರು ಇಲ್ಲ ಅಂತಲ್ಲ. 1983ರಲ್ಲಿ ಅಮೆರಿಕದ ಮಿಲ್ವಾಕಿಯ ಒಂದು ಹುಡುಗರ ಗುಂಪು, ತಮ್ಮ ಊರಿನ ಫೋನ್ ಕೋಡ್ 414 ಅನ್ನೇ ಹೆಸರಾಗಿ ಇಟ್ಟುಕೊಂಡಿದ್ದರು, ಲಾಸ್ ಅಲಮೋಸ್ ಪ್ರಯೋಗಾಲಯದ ಕಂಪ್ಯೂಟರಿಗೆ, ಒಂದು ಕ್ಯಾನ್ಸರ್ ಆಸ್ಪತ್ರೆಯ ಕಂಪ್ಯೂಟರಿಗೆ ನುಗ್ಗಿದರು. ದೊಡ್ಡ ಜಾಣತನ ಏನೂ ಬೇಕಾಗಲಿಲ್ಲ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ. ಅವರಲ್ಲಿ 17 ವರ್ಷದ ಒಬ್ಬನನ್ನು ಅಮೆರಿಕದ ಸಂಸತ್ತಿನ ಸಮಿತಿ ಕರೆಸಿ ಕೇಳಿತು, ಇದು ಸರಿಯೋ ತಪ್ಪೋ ಅಂತ ನಿನಗೆ ಮೊದಲು ಅನ್ನಿಸಿದ್ದು ಯಾವಾಗ ಅಂತ. ಎಫ್‌ಬಿಐನವರು ಬಂದು ಬಾಗಿಲು ತಟ್ಟಿದಾಗ ಅಂದ. ನನಗೆ ಈ ಉತ್ತರ ತುಂಬಾ ಇಷ್ಟ. ಅದರಲ್ಲಿ ಸೊಕ್ಕಿಲ್ಲ. ಆ ವಯಸ್ಸಿನಲ್ಲಿ ಪರದೆಯ ಆಚೆ ಮನುಷ್ಯರಿದ್ದಾರೆ ಅನ್ನುವುದು ಬಾಗಿಲು ಬಡಿಯುವ ತನಕ ಹೊಳೆಯುವುದೇ ಇಲ್ಲ.

ಹೊಳೆದ ಮೇಲೆ ತಡ ಆಗಿರುತ್ತದೆ. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಅನ್ನುವ 22 ವರ್ಷದ ವಿದ್ಯಾರ್ಥಿ ಇಂಟರ್ನೆಟ್‌ಗೆ ಒಂದು ವರ್ಮ್, ಅಂದರೆ ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಡುವ ಪ್ರೋಗ್ರಾಂ, ಬಿಟ್ಟ. ಒಂದು ಯಂತ್ರದಲ್ಲಿ ಆಗಲೇ ಇದ್ದರೂ ಏಳರಲ್ಲಿ ಒಂದು ಸಲ ಅದು ಮತ್ತೆ ಅಲ್ಲೇ ಕೂರುವ ಹಾಗೆ ಬರೆದಿದ್ದ. ಆ ಲೆಕ್ಕ ಜಾಸ್ತಿಯಾಯಿತು, ಸಾವಿರಾರು ಯಂತ್ರಗಳು ಉಸಿರುಕಟ್ಟಿ ನಿಂತವು. ಹೆದರಿದ ಅವನು ಗೆಳೆಯನೊಬ್ಬನಿಗೆ ಹೇಳಿ, ಕ್ಷಮೆ ಕೇಳಿ ಅದನ್ನು ತಡೆಯುವುದು ಹೇಗೆ ಅಂತ ತಿಳಿಸುವ ಸಂದೇಶ ಕಳಿಸಿಸಿದ. ನೆಟ್‌ವರ್ಕ್ ಕಟ್ಟಿಕೊಂಡಿತ್ತು. ಸಂದೇಶ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ. ಅವನದೇ ವರ್ಮ್ ಅವನ ಕ್ಷಮೆಯ ದಾರಿಯನ್ನು ಮುಚ್ಚಿತ್ತು. ಇದನ್ನು ನಾನು ಕಲ್ಪಿಸಿ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದರು. ‘ಹೇಗೆ’ಯನ್ನು ಬಿಡದೆ ಹಿಡಿದುಕೊಂಡು ಹೋದರೆ ಇಂಥದ್ದು ಸಿಗುತ್ತದೆ. ಅದಕ್ಕೇ ಬೇರೆಯವರ ಥ್ರಿಲ್ಲರ್ ಓದುವುದನ್ನು ಸ್ವಲ್ಪ ದಿನ ನಿಲ್ಲಿಸು. ತನಿಖೆಯ ವರದಿ ಓದು, ಕೋರ್ಟಿನ ತೀರ್ಪು ಓದು. ಬೇಸರ ಬರುತ್ತದೆ. ಬಂದರೂ ಓದು.

ನಿನ್ನ ಗೆಳತಿಯರು ‘ಸಿನಿಮಾ ನೋಡಿದ ಹಾಗಿದೆ’ ಅಂದರು ಅಂತ ಖುಷಿಯಿಂದ ಬರೆದಿದ್ದೀಯ. ಅವರ ಪ್ರೀತಿ ಇಟ್ಟುಕೋ, ಆ ಮಾತನ್ನು ಬಿಡು. ನನಗೂ ಹಾಗೇ ಅಂದಿದ್ದರು, ನಾನು ಅದೇ ಅಮಲಿನಲ್ಲಿ ಇನ್ನೂ ಎರಡು ಪುಸ್ತಕ ಬರೆದೆ. ಎರಡರಲ್ಲೂ ಯಾರೂ ಏನನ್ನೂ ಕಷ್ಟಪಟ್ಟು ಮಾಡುವುದಿಲ್ಲ. ಇವತ್ತು ಅವುಗಳನ್ನು ತೆರೆಯಲು ನನಗೆ ಮನಸ್ಸಾಗುವುದಿಲ್ಲ. ಹತ್ತೊಂಬತ್ತನೇ ವಯಸ್ಸಿಗೇ ನೀನು ಆ ದಾರಿ ಹಿಡಿಯುವುದನ್ನು ನೋಡಿ ಸುಮ್ಮನಿರಲು ನನ್ನಿಂದ ಆಗದು.

ಗದರಿದೆ ಅನ್ನಿಸಿದರೆ ಬೇಸರ ಮಾಡಿಕೊಳ್ಳಬೇಡ. ನಲ್ಲಿ ಬಿಟ್ಟು ಟೈಪ್ ಮಾಡುವ ಆ ಹುಡುಗಿಯನ್ನು ಕಂಡವಳು ನೀನು. ಅವಳು ಆ ರಾತ್ರಿ ಪಾಳಿಯ ಮನುಷ್ಯನಿಗೆ ಎಷ್ಟು ಹೊತ್ತಿಗೆ ಫೋನ್ ಮಾಡಿದಳು? ಏನಂತ ಹೆಸರು ಹೇಳಿದಳು? ಅವನು ಯಾಕೆ ಅಷ್ಟು ದಣಿದಿದ್ದ? ಫೋನ್ ಇಡುವಾಗ ಅವನು ಅವಳಿಗೆ ಒಂದು ಒಳ್ಳೆಯ ಮಾತು ಹೇಳಿದನಾ? ಹೇಳಿದ್ದರೆ ಅವಳು ಆಮೇಲೆ ಏನು ಮಾಡಿದಳು? ಬೇರೆ ಯಾವ ಅಧ್ಯಾಯವನ್ನೂ ಈಗ ಮುಟ್ಟಬೇಡ. ಆ ಕರೆಯೊಂದನ್ನು ಬರೆ, ನಲವತ್ತು ಪುಟ ಆದರೂ ಸರಿ. ಬರೆದ ತಕ್ಷಣ ನನಗೆ ಕಳಿಸು. ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ನಿನ್ನ ಓದುಗ ಹಿರಿಯ